ಹೆಚ್ಚಿದ ತರಕಾರಿ ಮಾರುವವರಿಗೆ: ತೊಳೆಯುವ ನೀರನ್ನು ಹತೋಟಿಯಲ್ಲಿ ಇಡುವುದು ಹೇಗೆ?

ಸಾಂಬಾರಿಗೆ ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್. ಪಲ್ಯಕ್ಕೆ ಸಣ್ಣಗೆ ಕೊಯ್ದ ಎಲೆಕೋಸು. ಬಿಡಿಸಿ ತೊಳೆದ ಕೊತ್ತಂಬರಿ, ಸಬ್ಬಸಿಗೆ, ಮೆಂತ್ಯ ಸೊಪ್ಪು. ಇವನ್ನು ಪ್ಯಾಕೆಟ್ ಮಾಡಿ ಅಂಗಡಿ, ಅಪಾರ್ಟ್‌ಮೆಂಟ್, ಪಿಜಿ, ಕ್ಯಾಂಟೀನುಗಳಿಗೆ ಕೊಡುವ ಸಣ್ಣ ಘಟಕಗಳು ನಮ್ಮ ಊರುಗಳಲ್ಲಿ ಈಗ ಬೇಕಾದಷ್ಟಿವೆ. ಅವನ್ನು ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ನೂರು ಲೀಟರ್ ನೀರಿಗೆ ಕ್ಲೋರಿನ್ ಎಷ್ಟು ಹಾಕಬೇಕು?

ಲೆಕ್ಕವನ್ನು ನಾಲ್ಕನೇ ಹಂತದಲ್ಲಿ ಕೊಟ್ಟಿದ್ದೇವೆ. ಆದರೆ ಬೆಳಿಗ್ಗೆ ಒಮ್ಮೆ ಅಳೆದು ಹಾಕಿ ಸಂಜೆವರೆಗೂ ಅದೇ ನೀರಲ್ಲಿ ತೊಳೆಯುವುದಾದರೆ ಆ ಲೆಕ್ಕದಿಂದ ಏನೂ ಪ್ರಯೋಜನವಿಲ್ಲ. ಅದು ಯಾಕೆಂದು ಮೊದಲು ತಿಳಿದುಕೊಂಡರೆ ಉಳಿದ ಹಂತಗಳು ಸುಲಭ.

ಸಂಶೋಧನೆ ಏನು ಹೇಳಿದೆ

2006ರಲ್ಲಿ ಅಮೆರಿಕದಲ್ಲಿ ಪ್ಯಾಕೆಟ್ ಪಾಲಕ್ ತಿಂದ ಸುಮಾರು 200 ಜನ 26 ರಾಜ್ಯಗಳಲ್ಲಿ ಕಾಯಿಲೆ ಬಿದ್ದರು, ಸಾವುಗಳೂ ಆದವು. ಕಾರಣ ಇ. ಕೊಲೈ ಒ157:ಎಚ್7 ಎಂಬ ಕರುಳಿನ ಬ್ಯಾಕ್ಟೀರಿಯಾ. ಸೊಪ್ಪು ಬಂದದ್ದು ಕ್ಯಾಲಿಫೋರ್ನಿಯಾದ ಒಂದು ಸೀಮಿತ ಪ್ರದೇಶದ ಹೊಲದಿಂದ. ಕಾಯಿಲೆ ಮಾತ್ರ ದೇಶದ ಉದ್ದಗಲಕ್ಕೆ ಹಬ್ಬಿತ್ತು. ಇದಾದ ಮೇಲೆ, 2007ರಲ್ಲಿ, ತಾಜಾ ತರಕಾರಿ-ಹಣ್ಣಿನ ಸುರಕ್ಷತೆಯ ಸಂಶೋಧನೆಗೆ ಹಣ ಒದಗಿಸುವ ಪ್ರತ್ಯೇಕ ಕೇಂದ್ರವೊಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಶುರುವಾಯಿತು. ಅಲ್ಲಿಯೂ ಬೇರೆ ವಿಶ್ವವಿದ್ಯಾಲಯಗಳಲ್ಲಿಯೂ ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಪ್ರಯೋಗಾಲಯದಲ್ಲಿಯೂ ನಡೆದ ಕೆಲಸದಲ್ಲಿ ನಮಗೆ ಮುಖ್ಯವಾದ ಎರಡು ಸಂಗತಿಗಳಿವೆ.

ಮೊದಲನೆಯದು, ಎಷ್ಟೇ ಚೆನ್ನಾಗಿ ತೊಳೆದರೂ ಎಲೆಗೆ ಅಂಟಿದ ಬ್ಯಾಕ್ಟೀರಿಯಾದಲ್ಲಿ ಹೋಗುವುದು ಹೆಚ್ಚೆಂದರೆ ನೂರಕ್ಕೆ ತೊಂಬತ್ತರಿಂದ ತೊಂಬತ್ತೊಂಬತ್ತು ಪಾಲು. ಕೇಳಲು ದೊಡ್ಡ ಸಂಖ್ಯೆ. ಆದರೆ ಹತ್ತು ಲಕ್ಷ ಇದ್ದ ಕಡೆ ತೊಂಬತ್ತೊಂಬತ್ತು ಪಾಲು ಹೋದರೂ ಹತ್ತು ಸಾವಿರ ಉಳಿಯುತ್ತವೆ. ಎಲೆಯ ಸಣ್ಣ ರಂಧ್ರಗಳಲ್ಲಿ, ಮಡಿಕೆಗಳಲ್ಲಿ, ಹೆಚ್ಚಿದ ಅಂಚಿನಲ್ಲಿ ಕೂತ ಜೀವಾಣುಗಳಿಗೆ ಕ್ಲೋರಿನ್ ತಲುಪುವುದೇ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಒಂದು ಕೊಳಕು ಕಟ್ಟು ತೊಟ್ಟಿಗೆ ಬಿದ್ದರೆ ಅದರ ಬ್ಯಾಕ್ಟೀರಿಯಾ ನೀರಿಗೆ ಇಳಿಯುತ್ತವೆ, ನೀರಿನಿಂದ ಉಳಿದ ನೂರು ಕಟ್ಟುಗಳಿಗೆ ಹತ್ತುತ್ತವೆ. ಆಹಾರ ಸುರಕ್ಷತೆಯವರು ಇದನ್ನು ಅಡ್ಡಸೋಂಕು ಎನ್ನುತ್ತಾರೆ. ನೀರಿನಲ್ಲಿ ಕೆಲಸಕ್ಕೆ ಸಿದ್ಧವಾಗಿರುವ ಕ್ಲೋರಿನ್ ಲೀಟರಿಗೆ 10 ಮಿಲಿಗ್ರಾಂಗಿಂತ ಕೆಳಗೆ ಇಳಿದಾಗ ಈ ಹರಡುವಿಕೆ ಶುರುವಾಗುತ್ತದೆ, ಅದರ ಮೇಲಿದ್ದಾಗ ಬಹುಮಟ್ಟಿಗೆ ನಿಲ್ಲುತ್ತದೆ ಎಂದು ಬೆಲ್ಟ್ಸ್‌ವಿಲ್ ಸಂಶೋಧಕರು ತೋರಿಸಿದ್ದಾರೆ.

ಹಾಗಾಗಿ ಕ್ಲೋರಿನ್ ಹಾಕುವುದು ಸೊಪ್ಪನ್ನು ಶುದ್ಧಿ ಮಾಡುವುದಕ್ಕಲ್ಲ, ನೀರನ್ನು ಕೆಡದಂತೆ ಕಾಯುವುದಕ್ಕೆ. ಕೊಳಕು ಸೊಪ್ಪು ತಂದು ಕ್ಲೋರಿನ್‌ನಲ್ಲಿ ಮುಳುಗಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇದ್ದರೆ ಇಲ್ಲೇ ಬಿಡಿ. ಕೆಳಗಿನ ಎಲ್ಲ ಹಂತಗಳೂ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಬೇಕಾಗುವ ವಸ್ತುಗಳು

- ಸ್ಟೀಲ್ ಅಥವಾ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್‌ನ ತೊಟ್ಟಿ, 100 ಲೀಟರಿನದು. ಒಳಗೆ 50 ಮತ್ತು 100 ಲೀಟರಿಗೆ ಗುರುತು ಹಾಕಿರಬೇಕು
- ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಆಹಾರ ಘಟಕಕ್ಕೆಂದೇ ಮಾರುವುದು, ವಾಸನೆ-ಬಣ್ಣ ಸೇರಿಸದ್ದು, ತಯಾರಾದ ದಿನಾಂಕ ಕ್ಯಾನಿನ ಮೇಲೆ ಇರುವಂಥದ್ದು
- ಸಿಟ್ರಿಕ್ ಆ್ಯಸಿಡ್; ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದು ಇದೇ
- ಪಿಎಚ್ ಮೀಟರ್ (ನೀರು ಹುಳಿಯೋ ಕ್ಷಾರವೋ ಎಂದು ಅಳೆಯುವುದು), ಅದನ್ನು ಸರಿಹೊಂದಿಸಲು 4 ಮತ್ತು 7 ಪಿಎಚ್‌ನ ದ್ರಾವಣ
- ಮುಕ್ತ ಕ್ಲೋರಿನ್ ಅಳೆಯುವ ಪಟ್ಟಿಗಳು (0ಯಿಂದ 200ರವರೆಗೆ ತೋರಿಸುವಂಥವು), ಅಥವಾ ಡಿಪಿಡಿ ಕಿಟ್ (ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ತೋರಿಸುವುದು)
- ಚುಚ್ಚಿ ನೋಡುವ ಥರ್ಮಾಮೀಟರ್
- ಅಳತೆ ಜಾಡಿ, ಗಡಿಯಾರ, ರೂಲು ಹಾಕಿದ ಒಂದು ಪುಸ್ತಕ

ಹಣ ಕಡಿಮೆ ಇದ್ದರೆ ಹೆಚ್ಚುವ ಯಂತ್ರವನ್ನು ಆರು ತಿಂಗಳು ಮುಂದಕ್ಕೆ ಹಾಕಿ, ಅಳೆಯುವ ಸಾಧನಗಳನ್ನು ಮೊದಲು ತನ್ನಿ. ಅಳತೆಯಿಲ್ಲದೆ ಹಾಕಿದ ಕ್ಲೋರಿನ್ ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ.

ಹಂತ 1: ನೀರಿನ ಮೂಲವನ್ನು ಪರೀಕ್ಷೆ ಮಾಡಿಸಿ

ಬೋರ್‌ವೆಲ್ಲಾಗಲಿ, ಟ್ಯಾಂಕರ್ ಆಗಲಿ, ನಲ್ಲಿ ನೀರಾಗಲಿ, ಕುಡಿಯಲು ಯೋಗ್ಯವಾದ ನೀರೇ ಆಗಬೇಕು. ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ. ನೀರಿನಲ್ಲಿ ಕೋಲಿಫಾರ್ಮ್ ಮತ್ತು ಇ. ಕೊಲೈ ಪತ್ತೆಯೇ ಆಗಬಾರದು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ವರ್ಷಕ್ಕೆ ಎರಡು ಸಲವಾದರೂ ಮಾಡಿಸಿ: ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ. ಮಳೆಗಾಲದಲ್ಲಿ ಮೇಲಿನ ನೀರು ಬಾವಿಗೂ ಬೋರ್‌ಗೂ ಬಸಿಯುವುದರಿಂದ ಆಗಿನ ವರದಿಯೇ ನಿಜವಾದ ಪರೀಕ್ಷೆ.

ನೀರಿನ ಮಾದರಿಯನ್ನು ತೊಟ್ಟಿಯ ಮೇಲಿನ ನಲ್ಲಿಯಿಂದಲೇ ಹಿಡಿಯಿರಿ, ಬೋರ್‌ವೆಲ್ ಬಾಯಿಂದಲ್ಲ. ಬೋರ್ ನೀರು ಚೆನ್ನಾಗಿದ್ದು, ಮುಚ್ಚಳ ಒಡೆದ ಓವರ್‌ಹೆಡ್ ಟ್ಯಾಂಕಿನಲ್ಲಿ ಕೆಡುವುದು ಬಹಳ ಸಾಮಾನ್ಯ. ಅದೇ ವರದಿಯಲ್ಲಿ ಪಿಎಚ್ ಮತ್ತು ಕ್ಷಾರತೆಯನ್ನೂ ಬರೆಸಿಕೊಳ್ಳಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ಒಳಗೆ ಬರುವ ಮಾಲನ್ನು ಆರಿಸಿ

ಕೊಳಚೆ ನೀರು ಹಾಯಿಸಿ ಬೆಳೆದ ಸೊಪ್ಪನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಅದರ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಸೊಪ್ಪಿನ ಒಳಗೇ ಸೇರಿರುತ್ತವೆ, ಯಾವ ನೀರಿಗೂ ಬರುವುದಿಲ್ಲ. ಮಾರುಕಟ್ಟೆಯ ರಾಶಿಯಲ್ಲಿ ಇದನ್ನು ಗುರುತಿಸಲಾಗದು. ಆದ್ದರಿಂದ ಸೊಪ್ಪನ್ನಾದರೂ ಹೊಲ ನೋಡಿ, ರೈತರನ್ನು ಕಂಡು ಕೊಳ್ಳಿ. ಕೇಳಬೇಕಾದದ್ದು ಮೂರು: ನೀರು ಎಲ್ಲಿಯದು, ಹಸಿ ಸಗಣಿ ಗೊಬ್ಬರ ಕೊನೆಯ ಸಲ ಹಾಕಿದ್ದು ಯಾವಾಗ, ಕೊನೆಯ ಔಷಧಿ ಹೊಡೆದು ಎಷ್ಟು ದಿನವಾಯಿತು. ಗಿಡದ ಒಳಕ್ಕೆ ಹೋಗುವ ಅಂತರ್ವ್ಯಾಪಿ ಕೀಟನಾಶಕವೂ ತೊಳೆದರೆ ಹೋಗುವಂಥದ್ದಲ್ಲ. ಕೊಯ್ಲಿಗೆ ಮುಂಚಿನ ಕಾಯುವ ಅವಧಿಯೊಂದೇ ದಾರಿ.

ಕೊಳೆತ, ಜಜ್ಜಿದ, ಹುಳು ಹಿಡಿದ ಭಾಗಗಳನ್ನು ಬಾಗಿಲ ಬಳಿಯೇ ತೆಗೆಯಿರಿ. ಮಣ್ಣು ಮೆತ್ತಿದ ಬೇರನ್ನು ಕತ್ತರಿಸಿ ಎಸೆಯಿರಿ. ಇದೆಲ್ಲ ಕ್ಲೋರಿನ್ ತೊಟ್ಟಿ ಇರುವ ಕೋಣೆಗೆ ಬರಲೇಬಾರದು. ಮಂಡಿಯಿಂದ ಬಂದ ಕ್ರೇಟನ್ನೂ ಅಷ್ಟೆ, ಒಳಗಿನ ಕ್ರೇಟಿನ ಮೇಲೆ ಪೇರಿಸಬೇಡಿ. ಒಳಗಿನದಕ್ಕೆ ಬೇರೆ ಬಣ್ಣದ ಕ್ರೇಟ್ ಇಟ್ಟರೆ ಕೆಲಸದವರಿಗೆ ಹೇಳುವ ಅಗತ್ಯವೂ ಬೀಳುವುದಿಲ್ಲ.

ಹಂತ 3: ಮಣ್ಣು ತೆಗೆಯುವ ಮೊದಲ ತೊಳೆತ

ಕ್ಲೋರಿನ್ ತೊಟ್ಟಿಗೆ ಮುಂಚೆ ಮಣ್ಣು ಹೋಗಲೇಬೇಕು. ಮಣ್ಣು, ತರಕಾರಿಯ ರಸ, ಕೊಳೆತ ಎಲೆ ಇವೆಲ್ಲ ಕ್ಲೋರಿನ್‌ಅನ್ನು ತಿಂದುಹಾಕುತ್ತವೆ. ತೂತಿರುವ ಕ್ರೇಟಿನಲ್ಲಿ ಹರಡಿ ಮೇಲಿಂದ ಷವರ್ ನೀರು ಬಿಡುವುದು ಒಳ್ಳೆಯದು. ಬಿದ್ದ ನೀರು ನೇರ ಚರಂಡಿಗೆ ಹೋಗಲಿ. ತೊಟ್ಟಿಯಲ್ಲಿ ಮುಳುಗಿಸಿದರೆ, ಮೇಲೆ ಹೇಳಿದ ಹರಡುವಿಕೆ ಇಲ್ಲೇ ಆಗಿಬಿಡುತ್ತದೆ.

ಇಡೀ ತರಕಾರಿಯನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಈರುಳ್ಳಿ, ಎಲೆಕೋಸಿಗಾದರೆ ಮೇಲಿನ ಸಿಪ್ಪೆ, ಹೊರಗಿನ ಎಲೆ ತೆಗೆದ ಮೇಲೆ ತೊಳೆಯಿರಿ. ಹೆಚ್ಚಿದ ಮೇಲೆ ಗಾಯವಾದ ಕಡೆಯಿಂದ ರಸ ಸೋರುತ್ತದೆ. ಅದು ಬ್ಯಾಕ್ಟೀರಿಯಾಕ್ಕೆ ಊಟ, ಕ್ಲೋರಿನ್‌ಗೆ ಶತ್ರು.

*ಟೊಮೆಟೊ, ಮಾವಿಗೆ ವಿಶೇಷ ಎಚ್ಚರಿಕೆ.* ಬಿಸಿಲಲ್ಲಿ ಬಂದ ಟೊಮೆಟೊವನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗುತ್ತದೆ, ತೊಟ್ಟು ಕಿತ್ತ ಗುರುತಿನಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ, ನೀರಿನೊಂದಿಗೆ ಬ್ಯಾಕ್ಟೀರಿಯಾವೂ ಹೋಗುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ಜೆರಿ ಬಾರ್ಟ್ಜ್ 1980ರ ದಶಕದ ಆರಂಭದಲ್ಲೇ ಇದನ್ನು ಪ್ರಯೋಗಗಳಿಂದ ತೋರಿಸಿದ್ದರು. ಹಣ್ಣಿನ ಒಳಗಿನ ಬಿಸಿಗಿಂತ ನೀರು ಸುಮಾರು 5 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಇರಬೇಕು ಎಂಬ ನಿಯಮ ಅಲ್ಲಿನ ಪ್ಯಾಕಿಂಗ್ ಮನೆಗಳಲ್ಲಿ ಬಂದದ್ದು ಹೀಗೆ. 1999ರಲ್ಲಿ ಬ್ರೆಜಿಲ್‌ನಿಂದ ಅಮೆರಿಕಕ್ಕೆ ಹೋದ ಮಾವು ತಿಂದವರಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿತ್ತು. ಹಣ್ಣಿನ ನೊಣಕ್ಕಾಗಿ ಬಿಸಿನೀರಲ್ಲಿ ಅದ್ದಿ, ಆಮೇಲೆ ತಂಪು ನೀರಿಗೆ ಹಾಕುವ ಪದ್ಧತಿಯೇ ಅದಕ್ಕೆ ದಾರಿ ಮಾಡಿತೆಂದು ಶಂಕಿಸಲಾಯಿತು.

ನಿಮ್ಮ ಘಟಕದಲ್ಲಿ ನೀರು ಕಾಯಿಸುವುದು ಆಗದಿದ್ದರೆ ಹೀಗೆ ಮಾಡಿ. ಕೋಲಾರದ ಕಡೆಯಿಂದ ಬಂದ ಟೊಮೆಟೊ ಕ್ರೇಟುಗಳನ್ನು ನೆರಳಲ್ಲಿ, ಫ್ಯಾನಿನ ಕೆಳಗೆ ರಾತ್ರಿ ಇಟ್ಟು, ಬೆಳಿಗ್ಗೆ ಥರ್ಮಾಮೀಟರ್ ಒಂದು ಹಣ್ಣಿಗೆ ಚುಚ್ಚಿ ನೋಡಿ, ನೀರಿಗಿಂತ ತಣ್ಣಗಾಗಿದ್ದರೆ ಮಾತ್ರ ತೊಳೆಯಿರಿ. ಮುಳುಗಿಸದೆ ಷವರ್‌ನಲ್ಲಿ ತೊಳೆಯುವುದು ಇನ್ನೂ ಕ್ಷೇಮ. ಆಳದ ತೊಟ್ಟಿಯಲ್ಲಿ ತುಂಬ ಹೊತ್ತು ಬಿಟ್ಟರೆ ನೀರಿನ ಭಾರವೂ ಒಳಕ್ಕೆ ತಳ್ಳುತ್ತದೆ, ಆದ್ದರಿಂದ ಎರಡು ನಿಮಿಷ ದಾಟಬೇಡಿ.

ಹಂತ 4: ಕ್ಲೋರಿನ್ ನೀರು ತಯಾರಿಸಿ

ಎರಡು ಪದ ಮೊದಲು. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂಬ ಅಳತೆ; ನೀರಿನ ಮಟ್ಟಿಗೆ ಒಂದು ಪಿಪಿಎಂ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ. ಮುಕ್ತ ಕ್ಲೋರಿನ್ ಎಂದರೆ ಇನ್ನೂ ಖರ್ಚಾಗದೆ ಕೆಲಸಕ್ಕೆ ಉಳಿದಿರುವುದು. ಮಣ್ಣು, ರಸಗಳ ಜೊತೆ ಸೇರಿ ಶಕ್ತಿ ಕಳೆದುಕೊಂಡದ್ದನ್ನೂ ಕೂಡಿಸಿದರೆ ಬರುವುದು ಒಟ್ಟು ಕ್ಲೋರಿನ್. ನೀವು ನಂಬಬೇಕಾದದ್ದು ಮುಕ್ತ ಕ್ಲೋರಿನ್ ಒಂದನ್ನೇ.

ಲೆಕ್ಕ ಹೀಗಿದೆ:

ಬೇಕಾದ ಮಿ.ಲೀ. = ನೀರು (ಲೀಟರ್) × ಬೇಕಾದ ಪಿಪಿಎಂ ÷ (ಕ್ಯಾನಿನ ಶೇಕಡಾ × 10)

100 ಲೀಟರ್ ನೀರಿಗೆ 100 ಪಿಪಿಎಂ ಬೇಕೆಂದರೆ 10 ಶೇಕಡಾ ದ್ರಾವಣ 100 ಮಿ.ಲೀ., 5 ಶೇಕಡಾ ಇದ್ದರೆ 200 ಮಿ.ಲೀ., 12 ಶೇಕಡಾ ಇದ್ದರೆ ಸುಮಾರು 83 ಮಿ.ಲೀ. ಶುರುವಿಗೆ 80ರಿಂದ 100 ಪಿಪಿಎಂ ಸಾಕು. 200 ದಾಟಬೇಡಿ, ತರಕಾರಿಗೆ ವಾಸನೆ ಹತ್ತುತ್ತದೆ, ಕೆಲಸದವರ ಕಣ್ಣು-ಗಂಟಲು ಉರಿಯುತ್ತದೆ, ಲಾಭವೇನೂ ಹೆಚ್ಚುವುದಿಲ್ಲ.

ಕ್ಯಾನಿನ ಮೇಲೆ ಬರೆದ ಶೇಕಡಾ ತಯಾರಾದ ದಿನದ್ದು. ಬಿಸಿಲು, ಸೆಕೆಗೆ ಹೈಪೋಕ್ಲೋರೈಟ್ ತಾನಾಗಿಯೇ ಸಾರ ಕಳೆದುಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಶೆಡ್ಡಿನ ಮೂಲೆಯಲ್ಲಿ ಕೂತ ಕ್ಯಾನಂತೂ ಬೇಗ ದುರ್ಬಲವಾಗುತ್ತದೆ. ತಂಪಾದ ಕತ್ತಲೆ ಕೋಣೆಯಲ್ಲಿಡಿ, ಒಂದು ತಿಂಗಳಿಗೆ ಆಗುವಷ್ಟೇ ತನ್ನಿ, ಹಾಕಿದ ಮೇಲೆ ಅಳೆದು ನೋಡಿ. ಬ್ಲೀಚಿಂಗ್ ಪುಡಿ ಅಗ್ಗ, ಆದರೆ ಅದರ ಸುಣ್ಣ ತಳದಲ್ಲಿ ಕೂರುತ್ತದೆ, ತರಕಾರಿಗೆ ಬಿಳಿ ಪುಡಿಯಾಗಿ ಅಂಟುತ್ತದೆ, ಪಿಎಚ್ ಏರಿಸುತ್ತದೆ. ಬಚ್ಚಲು ಚರಂಡಿಗೆ ಸರಿ, ತರಕಾರಿಗೆ ಬೇಡ.

ಇನ್ನು ಪಿಎಚ್. ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಈ ಸಂಖ್ಯೆ 6.5ರಿಂದ 7.0ರ ನಡುವೆ ಇರಬೇಕು. ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಬ್ಯಾಕ್ಟೀರಿಯಾ ಕೊಲ್ಲುವ ಹೈಪೋಕ್ಲೋರಸ್ ಆಮ್ಲ, ಮತ್ತು ಬಹಳ ನಿಧಾನವಾದ ಹೈಪೋಕ್ಲೋರೈಟ್. ಪಿಎಚ್ 6.5ರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಮೊದಲ ರೂಪದಲ್ಲಿರುತ್ತದೆ, 7.5ಕ್ಕೆ ಬಂದರೆ ಅರ್ಧದಷ್ಟು. 8ಕ್ಕೆ ಬಂದರೆ ಕಾಲು ಭಾಗವೂ ಇಲ್ಲ. ಬಯಲುಸೀಮೆಯ ಎಷ್ಟೋ ಬೋರ್‌ವೆಲ್ ನೀರು ಮೊದಲೇ 8ರ ಆಸುಪಾಸಿನಲ್ಲಿರುತ್ತದೆ, ಹೈಪೋಕ್ಲೋರೈಟ್ ಹಾಕಿದರೆ ಇನ್ನೂ ಏರುತ್ತದೆ. ಅಂದರೆ 100 ಪಿಪಿಎಂ ಹಾಕಿ ನಿಜವಾಗಿ ಕೆಲಸ ಮಾಡುವುದು 20 ಪಿಪಿಎಂ ಮಾತ್ರ ಆಗಬಹುದು. ಕ್ಲೋರಿನ್ ಹಾಕಿಯೂ ಪ್ರಯೋಗಾಲಯದ ವರದಿ ಕೆಟ್ಟದಾಗಿ ಬರುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಸರಿಪಡಿಸುವುದು ಹೀಗೆ: 100 ಗ್ರಾಂ ಸಿಟ್ರಿಕ್ ಆ್ಯಸಿಡ್‌ಅನ್ನು ಒಂದು ಲೀಟರ್ ನೀರಿನಲ್ಲಿ ಬೇರೆಯಾಗಿ ಕರಗಿಸಿಕೊಳ್ಳಿ. ತೊಟ್ಟಿಗೆ ಹೈಪೋಕ್ಲೋರೈಟ್ ಹಾಕಿ ಚೆನ್ನಾಗಿ ಕಲಸಿದ ಮೇಲೆ, ಈ ಹುಳಿ ನೀರನ್ನು 50 ಮಿ.ಲೀ.ನಂತೆ ಹಾಕಿ, ಕಲಸಿ, ಒಂದು ನಿಮಿಷ ಬಿಟ್ಟು ಪಿಎಚ್ ನೋಡಿ. ಬೇಕಾದ ಪ್ರಮಾಣ ನೀರಿನ ಕ್ಷಾರತೆಯ ಮೇಲೆ ಊರಿಂದ ಊರಿಗೆ ಬದಲಾಗುತ್ತದೆ, ನಿಮ್ಮ ನೀರಿಗೆ ಎಷ್ಟು ಬೇಕೆಂದು ಬರೆದಿಟ್ಟುಕೊಳ್ಳಿ. ಸಿಟ್ರಿಕ್ ಆ್ಯಸಿಡ್ ಸ್ವಲ್ಪ ಕ್ಲೋರಿನ್‌ಅನ್ನೂ ಖರ್ಚು ಮಾಡುವುದರಿಂದ ಪಿಎಚ್ ಸರಿಯಾದ ಮೇಲೆ ಮುಕ್ತ ಕ್ಲೋರಿನ್ ಮತ್ತೆ ಅಳೆಯಿರಿ.

ಅಪಾಯ: ಗಟ್ಟಿ ಹೈಪೋಕ್ಲೋರೈಟಿಗೆ ಆ್ಯಸಿಡ್ ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಎರಡಕ್ಕೂ ಒಂದೇ ಅಳತೆ ಜಾಡಿ ಬಳಸಬೇಡಿ, ಎರಡು ಕ್ಯಾನು ಅಕ್ಕಪಕ್ಕ ಇಡಬೇಡಿ, ತೊಟ್ಟಿಯ ಪಿಎಚ್ 6ಕ್ಕಿಂತ ಕೆಳಗೆ ಇಳಿಸಬೇಡಿ. ಕಿಟಕಿ ತೆಗೆದಿರಲಿ. ಕೈಗವಸು, ಕನ್ನಡಕ ಹಾಕಿಕೊಂಡೇ ಕಲಸಲಿ.

ಹಂತ 5: ಅಳೆಯಿರಿ, ಮತ್ತೆ ಅಳೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಪಾಲಿಸಲು ಸಾಧ್ಯವೆಂದರೆ ಇದನ್ನು ಆರಿಸಿಕೊಳ್ಳಿ.

ಮುಕ್ತ ಕ್ಲೋರಿನ್ ಮತ್ತು ಪಿಎಚ್ ಎರಡನ್ನೂ ಕೆಲಸ ಶುರುವಾಗುವ ಮುಂಚೆ ಒಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ನೋಡಿ. ತುರಿದ ಕ್ಯಾರೆಟ್, ಹೆಚ್ಚಿದ ಎಲೆಕೋಸು, ಈರುಳ್ಳಿ ತೊಳೆಯುವಾಗ ಹದಿನೈದು ನಿಮಿಷಕ್ಕೊಮ್ಮೆ; ಇವುಗಳ ರಸ ಕ್ಲೋರಿನ್‌ಅನ್ನು ಬಲು ಬೇಗ ಕುಡಿಯುತ್ತದೆ. 50 ಪಿಪಿಎಂಗೆ ಇಳಿದರೆ ಹೈಪೋಕ್ಲೋರೈಟ್ ಸೇರಿಸಿ. 20ಕ್ಕೆ ಇಳಿದಿದ್ದು ಕಂಡರೆ ಕೆಲಸ ನಿಲ್ಲಿಸಿ, ನೀರು ಬದಲಿಸಿ. ಹಿಂದಿನ ಸರಿಯಾದ ಅಳತೆಯಿಂದ ಇಲ್ಲಿಯವರೆಗೆ ತೊಳೆದದ್ದನ್ನೆಲ್ಲ ಹೊಸ ನೀರಿನಲ್ಲಿ ಮತ್ತೆ ತೊಳೆಯಿರಿ. ಅಪಾಯದ ಅಂಚು 10 ಎಂದು ಗೊತ್ತಿರುವಾಗ 20ರಲ್ಲೇ ನಿಲ್ಲುವುದು ಯಾಕೆಂದರೆ, ತೊಟ್ಟಿಯ ಎಲ್ಲ ಮೂಲೆಯಲ್ಲೂ ಒಂದೇ ಅಳತೆ ಇರುವುದಿಲ್ಲ. ಬೆಲೆಬಾಳುವ ಮಾಲು ರಾಶಿ ಬಿದ್ದಿರುವಾಗ "ಇನ್ನೊಂದು ಕ್ರೇಟ್ ಆಗಿಬಿಡಲಿ" ಎನಿಸುತ್ತದೆ. ಆ ಒಂದು ಕ್ರೇಟಿನಲ್ಲೇ ಎಲ್ಲ ಕೆಡುತ್ತದೆ.

ನೀರು ಕಣ್ಣಿಗೆ ಕದಡಿದಂತೆ, ನೊರೆ ಕಟ್ಟಿದಂತೆ ಕಂಡರೆ ಅಳತೆ ಚೆನ್ನಾಗಿದ್ದರೂ ಬದಲಿಸಿ. ಅಂಥ ನೀರಿಗೆ ಪದೇ ಪದೇ ಕ್ಲೋರಿನ್ ಸುರಿಯುತ್ತಾ ಹೋದರೆ ಬೇಡದ ಕ್ಲೋರಿನ್ ಸಂಯುಕ್ತಗಳು ಸೇರುತ್ತಾ ಹೋಗುತ್ತವೆ.

ಅಳತೆಯಲ್ಲಿ ಆಗುವ ತಪ್ಪುಗಳು:

- ಡಿಪಿಡಿ ಕಿಟ್ ಸೊನ್ನೆ ತೋರಿಸುವುದು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರುವ ಈ ಕಿಟ್‌ಗಳು ಸಾಮಾನ್ಯವಾಗಿ 5 ಪಿಪಿಎಂವರೆಗೆ ಮಾತ್ರ. ಕ್ಲೋರಿನ್ ತೀರಾ ಹೆಚ್ಚಿದ್ದರೆ ಬಣ್ಣವೇ ಮಾಸಿ, ಕ್ಲೋರಿನ್ ಇಲ್ಲವೇ ಇಲ್ಲ ಎನ್ನುವಂತೆ ಕಾಣುತ್ತದೆ. ಆಗ ಕೆಲಸದವರು ಇನ್ನಷ್ಟು ಸುರಿಯುತ್ತಾರೆ. ತೊಟ್ಟಿಯ 5 ಮಿ.ಲೀ. ನೀರನ್ನು 95 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ ಸೇರಿಸಿ ಅಳೆದು, ಬಂದದ್ದನ್ನು 20ರಿಂದ ಗುಣಿಸಿ. 4 ಬಂದರೆ 80 ಪಿಪಿಎಂ.
- ಈಜುಕೊಳದ ಹಳದಿ ಬಣ್ಣದ ಕಿಟ್. ಇದು ತೋರಿಸುವುದು ಒಟ್ಟು ಕ್ಲೋರಿನ್. ಸತ್ತ ಕ್ಲೋರಿನ್‌ಅನ್ನೂ ಎಣಿಸಿ ಧೈರ್ಯ ಕೊಡುತ್ತದೆ.
- ಪಿಎಚ್ ಕಾಗದ. ಕ್ಲೋರಿನ್ ಅದರ ಬಣ್ಣವನ್ನೇ ಬಿಳಿಚಿಸುವುದರಿಂದ ನಂಬುವಂತಿಲ್ಲ. ಮೀಟರನ್ನೇ ಬಳಸಿ, ದಿನವೂ ಸರಿಹೊಂದಿಸಿ.
- ಒಆರ್‌ಪಿ ಮೀಟರ್ ಒಂದನ್ನೇ ನೆಚ್ಚುವುದು. ನೀರಿನ ಕೊಲ್ಲುವ ಶಕ್ತಿಯನ್ನು ಮಿಲಿವೋಲ್ಟ್‌ನಲ್ಲಿ ತೋರಿಸುವ ಸಾಧನ ಇದು. 650 ಮಿಲಿವೋಲ್ಟ್‌ಗಿಂತ ಮೇಲಿದ್ದರೆ ನೀರಿನಲ್ಲಿ ತೇಲುವ ಇ. ಕೊಲೈ ಕ್ಷಣಗಳಲ್ಲಿ ಸಾಯುತ್ತದೆ ಎಂದು ಡೇವಿಸ್‌ನ ಆಹಾರ ಸುರಕ್ಷತಾ ತಜ್ಞ ಟ್ರೆವರ್ ಸಸ್ಲೋ ಅವರ ಮಾರ್ಗದರ್ಶಿ ಹೇಳುತ್ತದೆ. ಸದಾ ಕಣ್ಣಿಡಲು ಒಳ್ಳೆಯದೇ, ಆದರೆ ಕಡ್ಡಿಯ ತುದಿಗೆ ಪಾಚಿ ಹಿಡಿದರೆ ತಪ್ಪು ತೋರಿಸುತ್ತದೆ. ಪಟ್ಟಿಯಿಂದಲೂ ತಾಳೆ ನೋಡಿ.

ಹಂತ 6: ತೊಳೆಯುವುದು, ಜಾಲಿಸುವುದು, ಒಣಗಿಸುವುದು

ಸೊಪ್ಪಾದರೆ ಕೆ.ಜಿ.ಗೆ ಕನಿಷ್ಠ 10 ಲೀಟರ್ ನೀರು. ಕಟ್ಟು ಬಿಚ್ಚಿಯೇ ಹಾಕಿ. ಒಂದರಿಂದ ಎರಡು ನಿಮಿಷ ಮೆಲ್ಲಗೆ ಆಡಿಸಿ. ಹೆಚ್ಚು ಹೊತ್ತು ನೆನೆಸಿದರೆ ಹೆಚ್ಚು ಶುದ್ಧ ಎಂಬುದು ತಪ್ಪು ಕಲ್ಪನೆ. ಎಲೆ ನೀರು ಕುಡಿದು ಬೇಗ ಕೊಳೆಯುತ್ತದೆ.

ಆಮೇಲೆ ಶುದ್ಧ ನೀರಿನಲ್ಲಿ ಜಾಲಿಸಬೇಕು. ಇದನ್ನು ಷವರ್ ಅಥವಾ ಹರಿಯುವ ನೀರಲ್ಲೇ ಮಾಡಿ. ಕ್ಲೋರಿನ್ ತೊಟ್ಟಿಯನ್ನು ಜತನದಿಂದ ನೋಡಿಕೊಂಡು, ಕೊನೆಗೆ ಬರಿಯ ನೀರಿನ ಬಕೆಟ್ಟಿನಲ್ಲಿ ಐವತ್ತು ಕೆ.ಜಿ. ಅದ್ದಿ ತೆಗೆಯುವ ಘಟಕಗಳಿವೆ. ಆ ಬಕೆಟ್ಟಿನಲ್ಲಿ ತಡೆಯುವವರೇ ಇಲ್ಲದೆ ಎಲ್ಲವೂ ಎಲ್ಲಕ್ಕೂ ಹತ್ತುತ್ತದೆ.

ನೀರು ಬಸಿದ ಮೇಲೆ ಸುತ್ತುವ ಬುಟ್ಟಿಯಲ್ಲಿ ಹಾಕಿ ತೇವ ತೆಗೆಯಿರಿ. ಪ್ಯಾಕೆಟ್ಟಿನ ಒಳಗೆ ಹನಿ ಉಳಿದರೆ ಎರಡನೇ ದಿನಕ್ಕೆ ಲೋಳೆ. ಬಟ್ಟೆಯಲ್ಲಿ ಒರೆಸುವುದು, ಫ್ಯಾನಿನಡಿ ಬಟ್ಟೆ ಮೇಲೆ ಹರಡುವುದು ಬೇಡ. ಒದ್ದೆ ಬಟ್ಟೆಗಿಂತ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮನೆ ಇಲ್ಲ.

ಉಪ್ಪು-ಅರಿಸಿನದ ನೀರು ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಹುಳ ಬಿಡಿಸಲು ಉಪ್ಪುನೀರು ಅನುಕೂಲ, ಅಷ್ಟೇ. ಮನೆಯಲ್ಲಿ ಬಳಸುವ ಆ ಪ್ರಮಾಣಕ್ಕೆ, ಆ ಎರಡು ನಿಮಿಷದಲ್ಲಿ ಹರಡುವಿಕೆ ತಡೆಯುವ ಶಕ್ತಿ ಎರಡಕ್ಕೂ ಇಲ್ಲ. ಓಝೋನ್ ಯಂತ್ರಗಳದ್ದು ಬೇರೆ ತೊಂದರೆ: ನೀರಿನಲ್ಲಿ ಓಝೋನ್ ನಿಲ್ಲುವುದಿಲ್ಲ, ಕೋಣೆಯ ಗಾಳಿಗೆ ಸೇರಿದರೆ ಉಸಿರಾಟಕ್ಕೆ ಕೆಟ್ಟದ್ದು. ಸಣ್ಣ ಘಟಕಕ್ಕೆ ಶಿಫಾರಸು ಮಾಡುವಂತಿಲ್ಲ.

ಹಂತ 7: ಚಾಕು, ಮಣೆ, ಯಂತ್ರ

ಮೊಂಡು ಚಾಕು ಕೊಯ್ಯುವುದಿಲ್ಲ, ಜಜ್ಜುತ್ತದೆ. ರಸ ಹೆಚ್ಚು ಸೋರುತ್ತದೆ, ಅಂಚು ಬೇಗ ಕಂದುತ್ತದೆ. ದಿನವೂ ಮಸೆಯಿರಿ. ಕಬ್ಬಿಣದ ಈಳಿಗೆ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಮರದ ಮಣೆಯೂ, ಗೀರು ಬಿದ್ದ ಪ್ಲಾಸ್ಟಿಕ್ ಮಣೆಯೂ ಬೇಡ.

ಶುದ್ಧಿಯ ಕ್ರಮ ಬದಲಿಸಬಾರದು. ಮೊದಲು ಚೂರುಗಳನ್ನು ಕೆರೆದು ತೆಗೆಯಿರಿ, ಸೋಪಿನ ನೀರಲ್ಲಿ ಉಜ್ಜಿ, ಶುದ್ಧ ನೀರಲ್ಲಿ ತೊಳೆಯಿರಿ, ಆಮೇಲೆ 200 ಪಿಪಿಎಂ ಕ್ಲೋರಿನ್ ನೀರು ಹಾಕಿ, ಗಾಳಿಗೆ ಒಣಗಲು ಬಿಡಿ. ಉಜ್ಜದೆ ಬರೀ ಕ್ಲೋರಿನ್ ಎರಚಿದರೆ ಅಂಟಿದ ಕೊಳೆ ಅದನ್ನು ಅಲ್ಲೇ ಮುಗಿಸಿಬಿಡುತ್ತದೆ, ಕೆಳಗೆ ಬ್ಯಾಕ್ಟೀರಿಯಾ ಲೋಳೆಯ ಪೊರೆ ಕಟ್ಟಿಕೊಂಡು ಕ್ಷೇಮವಾಗಿರುತ್ತವೆ. ಈ ಜೈವಿಕ ಪೊರೆ ಒಮ್ಮೆ ಗಟ್ಟಿಯಾದರೆ ತೆಗೆಯುವುದು ಕಷ್ಟ. ಹೆಚ್ಚುವ ಯಂತ್ರದ ಬ್ಲೇಡನ್ನು ದಿನವೂ ಬಿಚ್ಚಲೇಬೇಕು. ಬಿಚ್ಚಲು ಬಾರದ ಯಂತ್ರ ಕೊಳ್ಳಲೇಬೇಡಿ. 2011ರಲ್ಲಿ ಅಮೆರಿಕದಲ್ಲಿ ಕರ್ಬೂಜದಿಂದ ಹರಡಿದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕೆ ಮೂವತ್ತಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿ ಕಂಡ ಕಾರಣಗಳಲ್ಲಿ ಒಂದು, ಸುಲಭವಾಗಿ ಶುದ್ಧ ಮಾಡಲಾಗದ ಹಳೆಯ ತೊಳೆಯುವ ಯಂತ್ರ.

ಕೆಲಸ ನಡೆಯುವಾಗ ಚರಂಡಿಗೆ ಜೋರಾಗಿ ಪೈಪ್ ನೀರು ಬಿಡಬೇಡಿ. ಚರಂಡಿಯ ಲಿಸ್ಟೀರಿಯಾ ಹನಿಗಳಾಗಿ ಹಾರಿ ಮೇಜಿನ ಮೇಲೆ ಕೂರುತ್ತದೆ.

ಕೆಲಸದವರ ವಿಷಯ ಚಿಕ್ಕದಾಗಿ ಹೇಳಿದರೂ ದೊಡ್ಡದು. ಕೈ ತೊಳೆಯಲು ಸೋಪು, ಹರಿಯುವ ನೀರು, 20 ಸೆಕೆಂಡು. ಭೇದಿ, ವಾಂತಿ ಇದ್ದವರು ಮನೆಯಲ್ಲಿರಲಿ, ಅವರ ಕೂಲಿ ಕಡಿಯಬೇಡಿ. ಕೂಲಿ ಹೋಗುತ್ತದೆಂದು ಗೊತ್ತಿದ್ದರೆ ಯಾರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ.

ಹಂತ 8: ಪ್ಯಾಕ್ ಮತ್ತು ತಂಪು

ಹೆಚ್ಚಿದ ತರಕಾರಿ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಆ ತಂಪಿನಲ್ಲಿ ಇ. ಕೊಲೈ, ಸಾಲ್ಮೊನೆಲ್ಲಾ ಬೆಳೆಯುವುದು ನಿಂತುಹೋಗುತ್ತದೆ. ಲಿಸ್ಟೀರಿಯಾ ಮಾತ್ರ ಫ್ರಿಜ್ಜಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ತಂಪಿದ್ದ ಮಾತ್ರಕ್ಕೆ ದಿನಗಳನ್ನು ಎಳೆಯುವಂತಿಲ್ಲ.

ತರಕಾರಿ ಹೆಚ್ಚಿದ ಮೇಲೂ ಉಸಿರಾಡುತ್ತದೆ. ಕೊತ್ತಂಬರಿ, ಹುರುಳಿಕಾಯಿ ಜೋರಾಗಿ ಉಸಿರಾಡುವಂಥವು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸೀಲ್ ಮಾಡಿದರೆ ಆಮ್ಲಜನಕ ಮುಗಿದು ಹುಳಿ ವಾಸನೆ ಬರುತ್ತದೆ. ವ್ಯಾಕ್ಯೂಮ್ ಪ್ಯಾಕ್ ಬೇಡವೇ ಬೇಡ: ಗಾಳಿ ಇಲ್ಲದೆಡೆ ಬೆಳೆಯುವ ಬೊಟುಲಿನಂ ಬ್ಯಾಕ್ಟೀರಿಯಾದ ವಿಷ ಪ್ರಾಣಕ್ಕೇ ಎರವು. ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಮಾರುವುದೂ ಇದೇ ಕಾರಣಕ್ಕೆ ಅಪಾಯ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹೀಗೇ ಆಗಿತ್ತು. ಸಣ್ಣ ರಂಧ್ರಗಳಿರುವ ತೆಳು ಪ್ಯಾಕೆಟ್ ಬಳಸಿ.

ಮೊಳಕೆ ಕಾಳನ್ನು ಇದೇ ಸಾಲಿನಲ್ಲಿ ಮಾಡಬೇಡಿ. ಮೊಳಕೆ ಬರುವ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾಕ್ಕೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ 3,800ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ, ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮಾರುವುದೇ ಆದರೆ ಬೇರೆ ಕೋಣೆ, ಬೇರೆ ಪಾತ್ರೆ, "ಬೇಯಿಸಿ ತಿನ್ನಿ" ಎಂಬ ಬರಹ. ಸಾಂಬಾರಿನ ತರಕಾರಿ ಕುದಿಯುತ್ತದೆ. ಕೋಸಂಬರಿ, ಸಲಾಡ್, ಹೆಚ್ಚಿದ ಹಣ್ಣು ಹಸಿಯಾಗಿಯೇ ಹೊಟ್ಟೆಗೆ ಹೋಗುತ್ತವೆ. ಹೊಸಬರು ಕುದಿಸುವ ತರಕಾರಿಯಿಂದ ಶುರುಮಾಡಿ, ನಾಲ್ಕಾರು ತಿಂಗಳ ವರದಿಗಳು ಸತತವಾಗಿ ಚೆನ್ನಾಗಿ ಬಂದ ಮೇಲೆ ಹಸಿಯಾಗಿ ತಿನ್ನುವುದಕ್ಕೆ ಕೈಹಾಕುವುದು ಒಳ್ಳೆಯದು.

ಹಂತ 9: ವಿಶ್ವವಿದ್ಯಾಲಯದ ನೆರವು ಪಡೆಯಿರಿ

ನಮ್ಮಲ್ಲೂ ಈ ವಿಷಯ ಬಲ್ಲವರಿದ್ದಾರೆ: ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳು. ದೂರವಾದರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಿಂದ ಶುರುಮಾಡಿ. "ಏನಾದರೂ ಸಲಹೆ ಕೊಡಿ" ಎಂದು ಹೋದರೆ ಸಾಮಾನ್ಯ ಮಾತೇ ಸಿಗುತ್ತದೆ. ನಿಮ್ಮ ಅಳತೆ ಪುಸ್ತಕ, ನೀರಿನ ವರದಿ ಹಿಡಿದು, "ನಮ್ಮ ಕೊತ್ತಂಬರಿ ಪ್ಯಾಕೆಟ್ 5 ಡಿಗ್ರಿಯಲ್ಲಿ ಎಷ್ಟು ದಿನ ಕ್ಷೇಮ?" ಎಂಬಂಥ ಒಂದು ಪ್ರಶ್ನೆ ಒಯ್ಯಿರಿ.

ಆ ಪ್ರಶ್ನೆಗೆ ಉತ್ತರ ಕಾಣಲು ಮೂರು ಬೇರೆ ದಿನಗಳಲ್ಲಿ ಮಾಡಿದ ಪ್ಯಾಕೆಟ್ಟುಗಳು ಬೇಕು. ಅರ್ಧವನ್ನು 5 ಡಿಗ್ರಿಯಲ್ಲಿ, ಅರ್ಧವನ್ನು 10 ಡಿಗ್ರಿಯಲ್ಲಿ ಇಡಿಸಿ. ಡೆಲಿವರಿ ಸ್ಕೂಟರಿನಲ್ಲಿ, ಅಂಗಡಿಯ ಬಾಗಿಲು ತೆಗೆದ ಫ್ರಿಜ್ಜಿನಲ್ಲಿ ನಿಜವಾಗಿ ಇರುವುದು ಎರಡನೆಯದರ ಹತ್ತಿರ. ಲೇಬಲ್ ಮೇಲಿನ ದಿನಾಂಕವನ್ನು ಆ ಫಲಿತಾಂಶ ನೋಡಿ ಹಾಕಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಮಾನದಂಡದಂತೆ ಹೆಚ್ಚಿ ಪ್ಯಾಕ್ ಮಾಡಿದ ತರಕಾರಿಯ 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಇರಕೂಡದು. ಒಂದೇ ಪ್ಯಾಕೆಟ್ ಕೊಟ್ಟು ಸಮಾಧಾನಪಡಬೇಡಿ, ಒಂದು ಬ್ಯಾಚಿನಿಂದ ಐದು ಕೊಡಿ. ಐಸ್ ಪೆಟ್ಟಿಗೆಯಲ್ಲಿ, 24 ಗಂಟೆಯೊಳಗೆ ತಲುಪಲಿ.

ತೊಟ್ಟಿಯ ನೀರನ್ನು ಬ್ಯಾಕ್ಟೀರಿಯಾ ಪರೀಕ್ಷೆಗೆ ಕೊಡುವಾಗ ಸೋಡಿಯಂ ಥಯೋಸಲ್ಫೇಟ್ ಹಾಕಿದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಕೇಳಿ ಪಡೆಯಿರಿ. ಆ ಉಪ್ಪು ಕ್ಲೋರಿನ್‌ಅನ್ನು ತಕ್ಷಣ ನಿಲ್ಲಿಸುತ್ತದೆ. ಅದಿಲ್ಲದ ಬಾಟಲಿಯಲ್ಲಿ ಕ್ಲೋರಿನ್ ದಾರಿಯುದ್ದಕ್ಕೂ ಕೆಲಸ ಮಾಡುತ್ತಲೇ ಇರುತ್ತದೆ, ನಿಮ್ಮ ತೊಟ್ಟಿ ಹೇಗಿದ್ದರೂ ವರದಿ ಚೆನ್ನಾಗಿ ಬರುತ್ತದೆ.

ಪ್ರತಿ ಅಳತೆಯ ಎದುರು ಸಮಯ, ಮುಕ್ತ ಕ್ಲೋರಿನ್, ಪಿಎಚ್, ತೊಳೆಯುತ್ತಿದ್ದ ತರಕಾರಿ, ಅದು ಬಂದ ರೈತರ ಗುರುತು, ಅಳೆದವರ ಸಹಿ ಇಷ್ಟನ್ನು ಪುಸ್ತಕದಲ್ಲಿ ಬರೆಸಿ. ಪ್ಯಾಕೆಟ್ ಮೇಲಿನ ಬ್ಯಾಚ್ ಸಂಖ್ಯೆಯೂ ಇದೇ ಸಾಲಿನಲ್ಲಿರಲಿ. ಎಲ್ಲೋ ಒಂದು ಕಡೆಯಿಂದ ದೂರು ಬಂದರೆ ಅಂದಿನ ಮಾಲೆಲ್ಲ ವಾಪಸ್ ತರಿಸಬೇಕೋ, ಹತ್ತೂವರೆಯಿಂದ ಹನ್ನೊಂದರ ನಡುವೆ ತೊಳೆದದ್ದು ಸಾಕೋ ಎಂದು ಆ ಸಾಲನ್ನು ನೋಡಿಯೇ ನಿರ್ಧರಿಸಬೇಕಾಗುತ್ತದೆ.